ಪುರಾವೆ ಕೇಳುತ್ತಿದ್ದ ದರ್ಜಿ

ವಾಡಿ ಊರಿನ ದರ್ಜಿಯ ಅಂಗಡಿಯಲ್ಲಿ ಇರಾಕಿನ ಯುದ್ಧದ ಬಗ್ಗೆ ನಮ್ಮ ಚರ್ಚೆ ದಿನವೂ ನಡೆಯುತ್ತಿತ್ತು. ಪದಚ್ಯುತನಾದ ಅಲ್ಲಿನ ಅಧ್ಯಕ್ಷನಿಗೂ ಉಗ್ರರ ಜಾಲಕ್ಕೂ ನಂಟಿತ್ತೆಂದು ಯಾರೇ ಹೇಳಲಿ, ದರ್ಜಿ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು, "ಪುರಾವಾ ಏನದ್ರಿ?" ಎನ್ನುತ್ತಿದ್ದರು.

ಒಂದು ಸಂಜೆ ಅದೇ ಮಾತು ನಡೆದಿದ್ದಾಗ ಹೊಸ ಪೊಲೀಸನೊಬ್ಬ ಖಾಕಿ ಪ್ಯಾಂಟು ಹೊಲಿಸಲು ಬಂದ. ದರ್ಜಿ ಅವನ ಸೊಂಟಕ್ಕೆ ಟೇಪು ಸುತ್ತುತ್ತಿದ್ದಾಗ ಪೊಲೀಸ ನಗುತ್ತಲೇ ಕೇಳಿದ: "ಚಾಚಾ, ನಿಮ್ಮ ಮಗ ದುಬೈದಾಗ ಅದಾನಂತಲ್ಲ. ಆ ಜಾಲದವ್ರು ಯಾರರೆ ಗುರ್ತದಾರೇನು?"

"ಇಲ್ರಿ ಸಾಹೇಬ್ರ, ಅಂವಾ ಎಸಿ ರಿಪೇರಿ ಮಾಡ್ತಾನ್ರಿ."

"ಹೋಗ್ಲಿ, ಆ ಅಧ್ಯಕ್ಷಗ ನಂಟಿತ್ತೋ ಇಲ್ಲೋ?"

ದರ್ಜಿ ಟೇಪಿನಿಂದ ಕಣ್ಣೆತ್ತಲಿಲ್ಲ. ಅವರ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ.

"ಇತ್ರಿ ಸಾಹೇಬ್ರ. ಖರೇನೇ ಇತ್ತು."

ಯಾರೂ ಪುರಾವೆ ಕೇಳಲಿಲ್ಲ. ದರ್ಜಿಗೆ ಅಳತೆ ಮರೆತುಹೋಗಿತ್ತು. ಮತ್ತೊಮ್ಮೆ ಟೇಪು ಸುತ್ತಿದರು.