ಒಂದು ಹಲಗೆಯ ನೀರು

ಗೋಣಿಚೀಲದೊಳಗೆ ಕೈಯಿಟ್ಟಾಗ ತಿಮ್ಮಿಗೆ ಬಿಸಿ ತಾಗಿತು. ಕಗ್ಗ ಭತ್ತದ ಬೀಜ ಮೊಳಕೆ ಒಡೆದಿತ್ತು. ಇವತ್ತೇ ಬಿತ್ತಬೇಕು, ತಡವಾದರೆ ಬೇರು ಹೆಣೆದುಕೊಂಡು ಮುದ್ದೆಯಾಗುತ್ತದೆ. ಆದರೆ ಗದ್ದೆಯ ನೀರು ನಾಲಿಗೆಗೆ ಇನ್ನೂ ಉಪ್ಪು.

ಕಾಗಾಲದಲ್ಲಿ ನದಿಯಂಚಿನ ಈ ಗಜನಿ ಗದ್ದೆಗಳಿಗೆ ಭರತದ ಹೊತ್ತಿಗೆ ಅಘನಾಶಿನಿಯಲ್ಲಿ ಏರಿಬರುವ ಸಮುದ್ರದ ಉಪ್ಪುನೀರು ನುಗ್ಗುತ್ತದೆ. ಬೆಳೆದು ನಿಂತ ಕಗ್ಗ ಉಪ್ಪನ್ನು ತಾಳಿಕೊಳ್ಳುತ್ತದೆ, ಬೇರೂರುವಾಗ ಮಾತ್ರ ಸಿಹಿನೀರು ಬೇಕು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಗದ್ದೆಯನ್ನು ಸಿಗಡಿ ಸಾಕುವವರಿಗೆ ಬಿಟ್ಟುಕೊಟ್ಟರು. ತಿಮ್ಮಿ ಕೊಡಲಿಲ್ಲ. ಗಂಡ ತೀರಿಕೊಂಡ ಮೇಲೂ ಸುಗ್ಗಿಯಲ್ಲಿ ಒಳ್ಳೆಯ ತೆನೆ ಆರಿಸಿ, ಹುಲ್ಲಿನ ಮುಡಿ ಕಟ್ಟಿ ಬೀಜ ಇಟ್ಟಳು. ಈಗ ಕೇರಿಯಲ್ಲಿ ಕಗ್ಗ ಇರುವುದು ಅವಳ ಮನೆಯಲ್ಲಷ್ಟೆ. ಈ ಸಲ ಮೊದಲ ಮಳೆಯನ್ನು ನಂಬಿ ಅಷ್ಟನ್ನೂ ನೆನೆಹಾಕಿದ್ದಳು. ಮಳೆ ನಿಂತುಬಿಟ್ಟಿತು.

ಬಿದ್ದಷ್ಟು ನೀರು ಮೇಲಿನ ಕೇರಿಯವರು ಹಳ್ಳಕ್ಕೆ ಕಟ್ಟಿದ ಒಡ್ಡಿನಲ್ಲಿ ನಿಂತಿತ್ತು. ಒಡ್ಡಿನ ಹಲಗೆ ಹಾಕುವುದು, ತೆಗೆಯುವುದು ನಾಗಪತಿಯ ಕೆಲಸ. ಸೊಸೆ ರೂಪಾಳನ್ನು ಕರೆದುಕೊಂಡು ತಿಮ್ಮಿ ಅಲ್ಲಿಗೆ ನಡೆದಳು.

“ಎಂತ ತಿಮ್ಮಕ್ಕ, ಈ ಬಿಸ್ಲಲ್ಲಿ? ಸಿಗಡಿ ತಂದ್ಯಾ?”

“ಸಿಗಡಿ ಬೇಕಾದ್ರೆ ಗದ್ದೆ ಬಿಟ್ಕೊಟ್ಟವ್ರ ಹತ್ರ ಕೇಳು. ನಂಗೆ ನೀರು ಬೇಕು.”

ನಾಗಪತಿ ತನ್ನ ಸಸಿಮಡಿಯತ್ತ ಕೈ ತೋರಿಸಿದ. “ತುದಿ ನೋಡು, ಅರಿಶಿನ ಬಣ್ಣಕ್ಕೆ ತಿರ್ಗಿದೆ. ನಾನು ನೀರು ಬಿಟ್ರೆ ಕೇರಿಯವ್ರು ನನ್ನೇ ಎತ್ತಿ ಹಳ್ಳಕ್ಕೆ ಹಾಕ್ತ್ರು.”

“ಹಾಕೂಕೆ ಹಳ್ಳದಲ್ಲಿ ನೀರಿರ್ಬೇಕಲ್ಲ,” ಎಂದಳು ರೂಪಾ.

ಅವನಿಗೆ ನಗು ಬಂತು. ತಿಮ್ಮಿ ನಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಮೊಳಕೆಯನ್ನು ಅವನ ಅಂಗೈಗೆ ಸುರಿದಳು. “ಇದು ಹೋದ್ರೆ ಮತ್ತೆ ಬೀಜ ಇಲ್ಲ ಮಾರಾಯ. ನಂಗೂ ಇಲ್ಲ, ಯಾರಿಗೂ ಇಲ್ಲ.”

ನಾಗಪತಿ ಆಕಾಶ ನೋಡಿದ. ಮೋಡವಿತ್ತು, ಕಪ್ಪಿರಲಿಲ್ಲ.

“ಒಂದೇ ಹಲಗೆ ತೆಗೀತೆ. ನದಿಯಲ್ಲಿ ಇಳಿತ ಮುಗಿಯೂ ತನಕ. ಮತ್ತೆ ಕೇಳೂಕೆ ಬರ್ಬೇಡ.”

“ಆತು.”

ಗದ್ದೆಗೆ ಮರಳಿ ಇಬ್ಬರೂ ನದಿ ಕಡೆಯ ಏರಿಯಲ್ಲಿದ್ದ ತೂಬಿನ ಬಾಗಿಲು ಎತ್ತಿದರು. ಇಳಿತಕ್ಕೆ ಉಪ್ಪುನೀರು ಹೊರಗೆ ಹರಿಯತೊಡಗಿತು. ಹಳ್ಳದಲ್ಲಿ ಸಿಹಿನೀರು ಬಂತು, ಮೊಣಕಾಲೂ ಮುಳುಗದಷ್ಟು.

“ಎಲ್ಲಾ ಗದ್ದೆಗೂ ಬಿಡುವ ಅತ್ತೆ,” ಎಂದಳು ರೂಪಾ. “ಇಲ್ದಿದ್ರೆ ವರ್ಷಪೂರ್ತಿ ಊಟಕ್ಕೆ ಎಂತ?”

“ಹರಡಿದ್ರೆ ಎಲ್ಲೂ ಉಪ್ಪು ಹೋಗೂದಿಲ್ಲ. ಮೂಲೆ ಗದ್ದೆಗೆ ಮಾತ್ರ.”

“ಅಲ್ಲಿ ಬೆಳೆದದ್ದು ಬರೂ ವರ್ಷದ ಬೀಜಕ್ಕೇ ಸಾಲೂದು!”

“ಬೀಜಕ್ಕೇ. ಊಟಕ್ಕೆ ರೇಷನ್ ಅಕ್ಕಿ.”

ರೂಪಾ ಮುಖ ತಿರುಗಿಸಿಕೊಂಡೇ ಉಳಿದ ಗದ್ದೆಗಳ ಕಾಲುವೆಗೆ ಮಣ್ಣು ಹಾಕಿದಳು. ತಿಮ್ಮಿ ಮೂಲೆ ಗದ್ದೆಯ ನೀರಿಗೆ ಬೆರಳದ್ದಿ ನೋಡಿದಳು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಳು. ಇಳಿತದ ಕೊನೆಗೆ ನೀರು ಸಪ್ಪೆಯಾಯಿತು. ಅಲ್ಲಿ ಹಿಡಿಸುವಷ್ಟು ಬೀಜವನ್ನು ಒತ್ತಾಗಿ ಬಿತ್ತಿದಳು. ಅರ್ಧಕ್ಕಿಂತ ಹೆಚ್ಚು ಚೀಲದಲ್ಲೇ ಉಳಿಯಿತು. ಮೊಳೆತ ಬೀಜವನ್ನು ಮತ್ತೆ ಎತ್ತಿಡಲಾಗದು, ಅದನ್ನು ಬದುವಿನಲ್ಲಿ ಮೇಯುತ್ತಿದ್ದ ಎಮ್ಮೆಯ ಮುಂದೆ ಸುರಿದಳು.

ಅಷ್ಟರಲ್ಲಿ ಮೇಲೆ ನಾಗಪತಿ ಹಲಗೆ ಹಾಕಿದ್ದ, ಹಳ್ಳ ಬತ್ತಿತು. ಕೆಳಗೆ ಭರತ ಏರತೊಡಗಿತು. ಇಬ್ಬರೂ ಬಾಗಿಲು ಇಳಿಸಿ ಮುಚ್ಚಿದರು.

“ಮಳೆ ಬರ್ತದಾ, ಅತ್ತೆ?”

ಬಾಗಿಲ ಸಂದಿಯಲ್ಲಿ ನದಿಯ ನೀರು ಎಳೆಯಾಗಿ ಒಳಗೆ ಜಿನುಗುತ್ತಿತ್ತು. ತಿಮ್ಮಿ ಅಂಗೈಯಿಂದ ಅದನ್ನು ಒತ್ತಿ ಹಿಡಿದಳು.

“ಮಣ್ಣು ತಾ,” ಎಂದಳು, “ಬೇಗ.”