ಗೋಡೆಯ ಬಿರುಕು ಅಳೆದ ನೀಲಮ್ಮ ಟೀಚರ್

ನೀಲಮ್ಮ ಟೀಚರ್ ಹೊಸ್ತಿಲ ಮೇಲೆ ನಿಂತು ಪಾಠ ಮಾಡುತ್ತಿದ್ದರು. ಎಡಗಡೆಯ ಕೋಣೆಯಲ್ಲಿ ಆರನೆಯ ತರಗತಿ, ಬಲಗಡೆ ಏಳನೆಯದು, ನಡುವಿನ ಬಾಗಿಲಲ್ಲಿ ಅವರು. ಆ ಕಡೆಯವರಿಗೆ ಭಿನ್ನರಾಶಿ ಬರೆಯಲು ಕೊಟ್ಟು ಈ ಕಡೆ ತಿರುಗಿ ತ್ರಿಭುಜ ಶುರು ಮಾಡಿದರೂ, ಬೆನ್ನ ಹಿಂದೆ ಯಾರು ಯಾರದನ್ನು ನೋಡಿ ಬರೆಯುತ್ತಿದ್ದಾರೆ ಎಂಬುದು ಅವರಿಗೆ ತಿಳಿಯುತ್ತಿತ್ತು. "ಏ ದುರುಗ್ಯಾ, ನಿನ್ನ ಕಣ್ಣು ನಿನ್ನ ನೋಟ್‌ಬುಕ್ಕಿನ ಮ್ಯಾಲ ಇರ್ಲಿ!" ಎಂಬ ಕೂಗು ಆಫೀಸಿನಲ್ಲಿದ್ದ ನನಗೂ ಕೇಳುತ್ತಿತ್ತು.

ಯಲಬುರ್ಗಾ ತಾಲ್ಲೂಕಿನ ಆ ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯನಾಗಿ ಹೋದಾಗ ಅವರು ಅಲ್ಲಿ ಒಂಬತ್ತು ವರ್ಷದಿಂದ ಅತಿಥಿ ಶಿಕ್ಷಕಿಯಾಗಿ ಗಣಿತ ಕಲಿಸುತ್ತಿದ್ದರು. ಕಾಯಂ ಹುದ್ದೆ ಖಾಲಿ ಬಿದ್ದಿತ್ತು. ಪ್ರತಿ ಬೇಸಿಗೆಗೆ ಅವರ ಕೆಲಸ ಮುಗಿಯುತ್ತಿತ್ತು. ಶಾಲೆ ತೆರೆದ ಮೇಲೆ ಹೊಸ ಆದೇಶ ಬರುವವರೆಗೆ ಕಾಯಬೇಕು. ಅವರು ಕಾಯುತ್ತಿರಲಿಲ್ಲ. ಮೊದಲ ದಿನವೇ ಬಂದು ಸೀಮೆಸುಣ್ಣ ಕೇಳುತ್ತಿದ್ದರು.

"ಆದೇಶ ಇನ್ನೂ ಬಂದಿಲ್ರಿ ಟೀಚರ್ರ" ಅಂದರೆ, "ಬರೂವಾಗ ಬರ್ಲಿ ಬಿಡ್ರಿ ಸರ್ರ. ಒಂಬತ್ತು ವರ್ಷದ ಅತಿಥಿ ನಾನು. ಇಷ್ಟು ದಿನ ಉಳಿದ್ರ ಬೀಗರೂ ಹೊರಗ ಹಾಕ್ತಾರ" ಎಂದು ತಾವೇ ನಗುತ್ತಿದ್ದರು.

ಏಳನೆಯ ತರಗತಿಯ ಗೋಡೆ ಬಿರುಕು ಬಿಟ್ಟಿತ್ತು. ನಾನು ಯಲಬುರ್ಗಾದ ಶಿಕ್ಷಣಾಧಿಕಾರಿ ಕಚೇರಿಗೆ ಪತ್ರ ಬರೆದು ಬರೆದು ಸೋತಿದ್ದೆ. ನೀಲಮ್ಮ ಅದನ್ನೇ ಪಾಠ ಮಾಡಿದರು. ಪ್ರತಿ ಸೋಮವಾರ ಮಕ್ಕಳು ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಹಾಕಿ, ದಾರ ಹಿಡಿದು ಉದ್ದ ಅಳೆದು, ಗ್ರಾಫ್ ಹಾಳೆಯಲ್ಲಿ ಗುರುತಿಸಬೇಕು. ದೀಪಾವಳಿಯ ಹೊತ್ತಿಗೆ ಹಾಳೆಯ ಗೆರೆ ಏರಿ ಏರಿ ಮೇಲಿನ ಅಂಚು ಮುಟ್ಟಿತು. ಆ ಹಾಳೆಗೆ ಇಡೀ ತರಗತಿಯ ಸಹಿ ಹಾಕಿಸಿ, ಮಕ್ಕಳ ತಾಯಂದಿರನ್ನು ಟಂಟಂ ಆಟೋದಲ್ಲಿ ಕೂರಿಸಿಕೊಂಡು ಯಲಬುರ್ಗಾಕ್ಕೆ ಹೊರಟರು.

ಜೊತೆಗಿದ್ದ ಅರ್ಜಿಯೂ ಅವರದೇ ಬರಹ. ಹೊಸ ಕೋಣೆಗಳು ಬೇಕು, ಗಣಿತಕ್ಕೆ ಕಾಯಂ ಶಿಕ್ಷಕರು ಬೇಕು. ಹೊರಡುವ ಮುನ್ನ ಸಹಿಗೆ ತಂದಾಗ, ಎರಡನೆಯದನ್ನು ಓದಿ ನನ್ನ ಪೆನ್ನು ನಿಂತಿತ್ತು. ನೇಮಕಾತಿಗೆ ಅವರ ವಯಸ್ಸು ಮೀರಿಹೋಗಿತ್ತು.

"ಟೀಚರ್ರ, ಕಾಯಂನವರು ಬಂದ್ರ ನಿಮ್ಮನ್ನ ಬಿಡಿಸಬೇಕಾಗ್ತೈತ್ರಿ."

"ಗೊತ್ತೈತ್ರಿ ಸರ್ರ. ನಾಳೆ ನಾ ಜಡ್ಡು ಬಿದ್ರ ಈ ಹುಡುಗ್ರಿಗೆ ಲೆಕ್ಕಾ ಹೇಳೋರು ಯಾರದಾರ? ಸರ್ಕಾರದ ಸಾಲಿ ಸರ್ಕಾರನ ನಡಸಬೇಕು. ಒಬ್ಬಾಕಿ ಗಂಟಲದ ಮ್ಯಾಲ ನಡೀಬಾರದು. ಸಹಿ ಮಾಡ್ರಿ."

ಮಾಡಿದೆ.

ಇಂಜಿನಿಯರ್ ಬಂದರು. ಮಕ್ಕಳ ಗ್ರಾಫ್ ನೋಡಿ ಮೊದಲು ನಕ್ಕರು. ಆಮೇಲೆ ಗೋಡೆ ನೋಡಿ, ಅವತ್ತೇ ಆ ಕೋಣೆಗೆ ಬೀಗ ಹಾಕಿಸಿದರು. ಅನುದಾನ ಬಂತು, ಮೂರು ಕೋಣೆಗಳೆದ್ದವು. ಮರುವರ್ಷ ಗಣಿತಕ್ಕೆ ಕಾಯಂ ಶಿಕ್ಷಕರೂ ಬಂದರು. ಗಂಗಾವತಿ ಕಡೆಯ ಯುವಕ, ಚೆನ್ನಾಗಿ ಕಲಿತವರು, ಸಭ್ಯರು. ಅವರ ಮೇಲೆ ಸಿಟ್ಟಾಗಲು ನನಗೆ ಒಂದು ಕಾರಣವೂ ಸಿಗಲಿಲ್ಲ. ನೀಲಮ್ಮ ಮೂರು ದಿನ ಅವರ ಪಕ್ಕ ಕೂತು, ಯಾವ ಮಗುವಿಗೆ ಕಳೆಯುವ ಲೆಕ್ಕ ತೊಡಕು, ಯಾರನ್ನು ಬೈದರೆ ಮರುದಿನ ಶಾಲೆಗೇ ಬರುವುದಿಲ್ಲ ಎಂದು ಒಬ್ಬೊಬ್ಬರದನ್ನೂ ಹೇಳಿಕೊಟ್ಟರು. ನಾಲ್ಕನೆಯ ದಿನ ಬರಲಿಲ್ಲ.

ಹೊಸ ಕೋಣೆಗಳ ಉದ್ಘಾಟನೆಯ ಆಮಂತ್ರಣ ಪತ್ರಿಕೆಯ ತುಂಬ ಹೆಸರುಗಳಿದ್ದವು. ಅವರದಿರಲಿಲ್ಲ. ಅತಿಥಿ ಶಿಕ್ಷಕರ ಹೆಸರು ಹಾಕುವ ರೂಢಿ ಇಲ್ಲವೆಂದು ಯಾರೋ ಅಂದರು, ನಾನು ಸುಮ್ಮನಾದೆ. ಅವತ್ತು ವೇದಿಕೆಯಿಂದ ಅವರನ್ನು ಕಂಡೆ. ಶಾಮಿಯಾನದ ಕೊನೆಯಲ್ಲಿ, ತಾಯಂದಿರ ನಡುವೆ ನಿಂತಿದ್ದರು. ಮೈಕು ನನ್ನ ಕೈಯಲ್ಲೇ ಇತ್ತು. ವಂದನಾರ್ಪಣೆಯಲ್ಲಿ ಶಾಮಿಯಾನ ಹಾಕಿದವರ ಹೆಸರನ್ನೂ ಹೇಳಿದೆ. ಗಣ್ಯರು ಏಳುವ ಅವಸರದಲ್ಲಿದ್ದರು. ಈಗ ಕರೆದರೆ, ಮೊದಲೇ ಯಾಕೆ ಕರೆಯಲಿಲ್ಲ ಎಂಬ ಮಾತು ಬರುತ್ತದೆ ಎಂದುಕೊಂಡೆ. ಊಟದ ಹೊತ್ತಿಗೆ ಹುಡುಕಿದರೆ ಅವರು ಹೋಗಿಬಿಟ್ಟಿದ್ದರು.

ಹೋದ ವರ್ಷ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಸಿಕ್ಕರು. ಯಾವುದೋ ಖಾಸಗಿ ಶಾಲೆಯ ಸಮವಸ್ತ್ರದ ಸೀರೆ ಉಟ್ಟಿದ್ದರು. "ಅರಾಮ ಅದೀರಿ ಸರ್ರ?" ಎಂದು ತಾವೇ ಹತ್ತಿರ ಬಂದರು. ಮಕ್ಕಳ ಸುದ್ದಿ ಕೇಳಿದರು. ಹೊಸ ಸರ್ ಹೇಗೆ ಕಲಿಸುತ್ತಾರೆಂದು ಕೇಳಿದರು.

"ಛಲೋ ಕಲಸ್ತಾರ್ರಿ. ಈ ವರ್ಷ ಖಾಸಗಿ ಸಾಲಿ ಬಿಟ್ಟು ಆರು ಮಕ್ಕಳು ನಮ್ಮ ಕಡೆ ಬಂದಾವ."

"ಹಂಗಿದ್ರ ಭಾಳ ಛಲೋ ಆತ್ರಿ" ಅಂದರು. ಮುಖ ನಿಜವಾಗಿಯೂ ಅರಳಿತ್ತು.

ಅವರ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ, "ಸರ್ರ, ಉದ್ಘಾಟನೆ ದಿನ ನಾನೂ ಬಂದಿದ್ದೆ. ನೀವು ನೋಡಿದ್ರೇನ್ರಿ?" ಎಂದರು.

ಇಲ್ಲ ಎನ್ನಬಹುದಿತ್ತು. "ನೋಡಿದ್ದೆ" ಅಂದೆ.

ಅವರು ಕಂಬಿ ಹಿಡಿದು ಇನ್ನೊಂದು ಮೆಟ್ಟಿಲು ಏರಿದರು.

"ನೀವು ನೋಡಿರಲಿಕ್ಕಿಲ್ಲ ಅಂತ ತಿಳ್ಕೊಂಡಿದ್ದೆ ಸರ್ರ" ಎಂದು ಒಳಗೆ ಹೋದರು.