ಮೆಣಸಿನಕಾಯಿ ಟೀಚರ್ ಮತ್ತು ಅರ್ಧ ಆದೇಶ

“ಮುಟ್ಟಿದ್ರೆ ಬಣ್ಣ ಬರುತ್ತಂತೆ ಶಾಲೆಗೆ ಕಳಿಸ್ತಿರೋ ಆ ಸ್ಮಾರ್ಟ್ ಬೋರ್ಡಿಗೆ. ಬರ್ಲಿ! ಮಕ್ಕಳಿಗೆ ಓದು ಬಂತಾ ಅಂತ ಯಾರಾದ್ರೂ ನೋಡಿದಾರಾ? ಅದನ್ನ ಹೇಳು ನೀನು.”

“ನೋಡಿದಾರೆ ಅತ್ತೆ. ಸುಮ್ನೆ ತಂದು ಗೋಡೆಗೆ ಹಾಕಿದ್ರೆ ಅಂಥಾ ವ್ಯತ್ಯಾಸ ಏನೂ ಆಗಲ್ಲ ಅಂತಾನೇ ಸುಮಾರು ಅಧ್ಯಯನಗಳು ಹೇಳೋದು. ಟೀಚರ್ ಅದನ್ನ ಹೇಗೆ ಬಳಸ್ತಾರೆ...”

“ಸಾಕು, ಅಲ್ಲಿಗೇ ನಿಲ್ಸು. ಮೊದಲು ಹೇಳಿದ್ದನ್ನ ನಿನ್ನ ಪ್ರಾಜೆಕ್ಟಲ್ಲಿ ದೊಡ್ಡ ಅಕ್ಷರದಲ್ಲಿ ಬರಿ.”

ಅತ್ತೆ ಪೆನ್ಸಿಲ್ ಕೆತ್ತುತ್ತಿದ್ದರು. ಸಿಟ್ಟು ಬಂದರೆ ಇಡೀ ತರಗತಿಯ ಪೆನ್ಸಿಲ್‌ಗಳನ್ನು ರಾಶಿ ಹಾಕಿಕೊಂಡು ಕೆತ್ತುವುದು ಅವರ ಪದ್ಧತಿ. ಅವತ್ತು ಮೇಜಿನ ಮೇಲೆ ಬಿದ್ದಿದ್ದ ಸಿಪ್ಪೆ ನೋಡಿದರೆ ಬೆಳಗಿನಿಂದಲೇ ಉರಿಯುತ್ತಿದ್ದಾರೆ ಅನ್ನಿಸಿತು. ನನಗಂತೂ ಖುಷಿಯೋ ಖುಷಿ! ಕಾಲೇಜಿನಲ್ಲಿ ನನ್ನ ಪ್ರಾಜೆಕ್ಟ್ ಇದೇ: ಜನ ಚಪ್ಪಾಳೆ ತಟ್ಟುವ ಶಾಲಾ ಸುಧಾರಣೆಗಳಿಗೆ ಸಂಶೋಧನೆಯ ಬೆಂಬಲ ಇದೆಯೋ ಇಲ್ಲವೋ. ಲೈಬ್ರರಿಯಲ್ಲಿ ತೂಕಡಿಸುತ್ತ ಓದಿದ್ದೆಲ್ಲ ಇಲ್ಲಿ ನನ್ನೆದುರು ಎದ್ದು ನಿಂತು ಕೂಗಾಡುತ್ತಿತ್ತು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ನಾನು ಹುಟ್ಟುವ ಮೊದಲಿನಿಂದಲೂ ಎರಡನೇ ತರಗತಿಗೇ ಪಾಠ ಮಾಡುತ್ತಿದ್ದಾರೆ, ಅದೂ ಇದೇ ಕೋಣೆಯಲ್ಲಿ. ಪೂರ್ತಿ ಮುಚ್ಚದ ಕಿಟಕಿ, ಕಾಲು ಕುಂಟುವ ಕುರ್ಚಿ, ಮಕ್ಕಳ ತಲೆ ಉಜ್ಜಿ ಉಜ್ಜಿ ಕಪ್ಪಾದ ಗೋಡೆ. ಮಕ್ಕಳು ಅವರಿಗೆ ಇಟ್ಟಿರುವ ಹೆಸರು ಮೆಣಸಿನಕಾಯಿ ಟೀಚರ್. ಅದು ಅವರಿಗೂ ಗೊತ್ತು. ಯಾರಾದರೂ ಬಾಯಿ ತಪ್ಪಿ ಹಾಗೆ ಕರೆದುಬಿಟ್ಟರೆ “ಏನಪ್ಪಾ?” ಎಂದು ತಿರುಗುತ್ತಾರೆ. ಅವರ ಬಾಯಲ್ಲಿ ಸದಾ ಇರುವ ಮಾತು “ಮತ್ತೆ ಮಾಡು”. ಮಾವ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡರೂ ಅದೇ ಮಾತು. ಮಾವ ಪಾಪ, ಎಲ್ಲ ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಾರೆ.

“ಮುಂದಿಂದು?” ಎಂದರು ಅತ್ತೆ.

“ಮಕ್ಕಳ ಅಂಕ ನೋಡಿ ಟೀಚರಿಗೆ ಬೋನಸ್ ಕೊಡೋದು. ಕೆಲವು ಕಡೆ ಕೆಲಸ ಮಾಡಿದೆ, ಕೆಲವು ಕಡೆ ಏನೂ ಆಗಿಲ್ಲ. ಪರೀಕ್ಷೆಗೆ ಬರೋದನ್ನ ಮಾತ್ರ ಉರು ಹೊಡೆಸಿದ್ದೂ ಉಂಟು.”

“ಹೊಡೆಸ್ದೆ ಇರ್ತಾರಾ? ಯಾವನು ಕಂಡುಹಿಡಿದ್ನೋ ಇದನ್ನ! ಅವನನ್ನ ತಂದು ಈ ಕುಂಟು ಕುರ್ಚಿ ಮೇಲೆ ಒಂದು ವಾರ ಕೂರಿಸ್ಬೇಕು.”

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಜಾಣೆ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ಮೂರನೆಯದು ಬಾಕಿ ಇತ್ತು: ಓದಲು ಬಾರದ ಮಕ್ಕಳನ್ನು ಮೂರನೇ ತರಗತಿಗೆ ಕಳಿಸದೆ ಎರಡರಲ್ಲೇ ಉಳಿಸಿಕೊಳ್ಳಬೇಕು ಎಂಬ ಹೊಸ ಆದೇಶ. ಮೇಲಿನಿಂದ ಬಂದ ಆದೇಶಗಳಲ್ಲಿ ಅತ್ತೆ ಮೆಚ್ಚಿದ್ದು ಅದೊಂದನ್ನೇ. ಆದೇಶ ಬರುವ ಮೊದಲೂ ಅವರು ಕೆಲವು ಮಕ್ಕಳನ್ನು ಹಾಗೆ ಉಳಿಸಿಕೊಂಡಿದ್ದರು.

“ಅದಕ್ಕೂ ಸಾಕ್ಷಿ ಗಟ್ಟಿ ಇಲ್ಲ ಅತ್ತೆ. ಮೊದಲು ಸ್ವಲ್ಪ ಅಂಕ ಏರುತ್ತೆ, ಆಮೇಲೆ ಆ ಲಾಭ ಕರಗಿಹೋಗುತ್ತೆ ಅಂತ ಎಷ್ಟೋ ಅಧ್ಯಯನ ಹೇಳ್ತವೆ. ಹಾಗೆ ಉಳಿದವರು ದೊಡ್ಡವರಾದ್ಮೇಲೆ ಶಾಲೆ ಬಿಡೋದೂ ಜಾಸ್ತಿಯಂತೆ.”

ಪೆನ್ಸಿಲ್ ತುದಿ ಟಪ್ಪನೆ ಮುರಿಯಿತು.

“ಲೇ, ಬೋರ್ಡ್ ವಿಷಯಕ್ಕೆ ಬಂದ್ರೆ ನಿನ್ನ ಸಂಶೋಧನೆ ಬಂಗಾರ. ನನ್ನ ವಿಷಯಕ್ಕೆ ಬಂದ್ರೆ ನನ್ನನ್ನೇ ಕಚ್ಚುತ್ತಾ?”

“ಸಂಶೋಧನೆಗೆ ನೀವು ಅತ್ತೆ ಅಂತ ಗೊತ್ತಿಲ್ವಲ್ಲ.”

“ಬಾಯಿ ನೋಡು ಇವಳದ್ದು! ಕಾಯಿನ ಕಿತ್ತು ಬುಟ್ಟಿಗೆ ಹಾಕಿದ್ರೆ ಹಣ್ಣಾಗುತ್ತೇನೇ? ಇನ್ನೊಂದು ವರ್ಷ ಗಿಡದಲ್ಲಿರ್ಲಿ ಅಂತ ನಾನು ಬಿಡೋದು. ಪ್ರೀತಿಯಿಂದ ಕಣೇ, ಶಿಕ್ಷೆ ಅಂತಲ್ಲ!”

ಆಗಲೇ ಬಾಗಿಲಲ್ಲಿ ಟೈರ್ ಪಂಕ್ಚರ್ ಹಾಕುವವನು ಬಂದು ನಿಂತ. ಅವನ ಬೆನ್ನ ಹಿಂದೆ ಅವನ ಮಗಳು. ಹುಡುಗಿಯನ್ನು ಎಲ್ಲರೂ ಗುಬ್ಬಿ ಅನ್ನುತ್ತಾರೆ. ಅವಳನ್ನು ಎರಡರಲ್ಲೇ ಉಳಿಸಿಕೊಳ್ಳುವ ವಿಷಯ ಮಾತಾಡಲು ಅತ್ತೆಯೇ ಕರೆಸಿದ್ದರಂತೆ.

“ನೀನೇ ನೋಡು,” ಎಂದು ನನ್ನತ್ತ ಗುರುಗುಟ್ಟಿ, ಅತ್ತೆ ಪುಸ್ತಕ ತೆರೆದು ‘ಕತ್ತೆ’ ಎಂಬ ಪದದ ಮೇಲೆ ಬೆರಳಿಟ್ಟರು. ಪಕ್ಕದ ಚಿತ್ರವನ್ನು ಅಂಗೈಯಿಂದ ಮುಚ್ಚಿದರು. “ಓದಮ್ಮ.”

ಗುಬ್ಬಿ ಮೊದಲ ಅಕ್ಷರ ನೋಡಿದಳು, ಸೂರು ನೋಡಿದಳು. “ಕುದುರೆ.”

ಅತ್ತೆ ಕೈ ತೆಗೆದರು. “ಇದು ಕುದುರೇನಾ?”

“ಇನ್ನೂ ಚಿಕ್ಕದು ಮಿಸ್. ಬೆಳೆಯುತ್ತೆ.”

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. “ನೋಡಿದ್ಯಾ? ಇವಳನ್ನ ಮೂರಕ್ಕೆ ಕಳಿಸ್ಲಾ?”

ಗುಬ್ಬಿಯ ಅಪ್ಪ ಎಣ್ಣೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ನೀವು ಹೇಳಿದ ಹಾಗೇ ಆಗ್ಲಿ ಮೇಡಂ. ಇವಳ ಅಣ್ಣನ್ನೂ ನೀವೇ ಉಳಿಸಿಕೊಂಡಿದ್ರಿ.”

“ಹೌದಲ್ಲ! ಏನೋದ್ತಿದಾನೆ ಈಗ?”

“ಬಿಟ್ಬಿಟ್ಟ ಮೇಡಂ. ಅಂಗಡೀಲಿದಾನೆ ನನ್ನ ಜೊತೆ. ತರಗತಿಗೆಲ್ಲ ಇವನೇ ಉದ್ದ ಅಂತ ಹುಡುಗ್ರು ತಾತ, ತಾತ ಅಂತ ಕರೀತಿದ್ರು. ಒಂದಿನ ಬ್ಯಾಗ್ ತಂದು ಟೈರ್ ರಾಶಿ ಮೇಲೆ ಎಸೆದ, ಅಷ್ಟೇ. ನಿಮ್ಮ ಮೇಲೆ ಬೇಜಾರಿಲ್ಲ ಮೇಡಂ. ನೀವು ಒಳ್ಳೇದಕ್ಕೇ ಮಾಡಿದ್ದು.”

ಆ ಕೊನೆಯ ಮಾತು ಅತ್ತೆಗೆ ಕಪಾಳಕ್ಕೆ ಹೊಡೆದಂತಾಯಿತು. ನನ್ನ ಕಡೆ ತಿರುಗಿದರು. “ಒಬ್ಬ ಹುಡುಗನ ಕಥೆ ಸಾಕ್ಷಿ ಆಗಲ್ಲ ಅಂತ ಮೊನ್ನೆ ನೀನೇ ಅಲ್ವಾ ಅಂದಿದ್ದು?”

“ಒಂದೇ ಆದ್ರೆ ಆಗಲ್ಲ ಅತ್ತೆ,” ಎಂದೆ ಮೆಲ್ಲಗೆ.

“ಎಲ್ಲೂ ಒಳ್ಳೇದಾಗ್ಲೇ ಇಲ್ವಾ?”

“ಕೆಲವು ಕಡೆ ಆಗಿದೆ. ಅಲ್ಲಿ ಬರೀ ಉಳಿಸಿಕೊಂಡಿಲ್ಲ, ಜೊತೆಗೆ ಓದೋದಕ್ಕೇ ಅಂತ ಬೇರೆ ಪಾಠ, ಬೇರೆ ಟೀಚರ್ ಎಲ್ಲ ಕೊಟ್ಟಿದ್ರು. ಲಾಭ ಯಾವುದರಿಂದ ಬಂತು ಅಂತ ಬಿಡಿಸಿ ಹೇಳೋದೇ ಕಷ್ಟ.”

ಅತ್ತೆ ಡ್ರಾಯರಿನಿಂದ ಆದೇಶವನ್ನು ಎಳೆದು ತೆಗೆದು ಕನ್ನಡಕ ಏರಿಸಿಕೊಂಡರು. ಬೇರೆ ಪಾಠದ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅವರ ಕುತ್ತಿಗೆ ಕೆಂಪಗಾಯಿತು.

“ಕಳ್ಳರು! ಖರ್ಚಿಲ್ಲದ ಅರ್ಧ ನಮಗೆ ಕಳಿಸಿ, ಖರ್ಚಿನ ಅರ್ಧ ನುಂಗಿದಾರೆ. ನಾನೊಬ್ಬಳು ಪೆದ್ದಿ, ಓದಿ ಚಪ್ಪಾಳೆ ತಟ್ಟಿದೆ. ಅದೇ ಕೋಣೆ, ಅದೇ ಪಾಠ, ಅದೇ ನಾನು. ಇನ್ನೊಂದು ವರ್ಷದಲ್ಲಿ ಏನು ಬದಲಾಗುತ್ತೆ ಈ ಮಗೂಗೆ? ಅಂಗಿ ಅಳತೆ ಬದಲಾಗುತ್ತೆ!”

ಗುಬ್ಬಿ ಅಪ್ಪನ ಅಂಗಿ ಹಿಡಿದಳು. “ನನ್ನ ಬೆಂಚಿನವಳು ಮೇಲಿನ ಕ್ಲಾಸಿಗೆ ಹೋಗ್ತಾಳಾ?”

ಅತ್ತೆ ಆದೇಶವನ್ನು ಮತ್ತೆ ಮೊದಲಿನಿಂದ ಓದಿದರು.

ಕಾರಣ ಬರೆದು ಟೀಚರ್ ತನ್ನ ಹೊಣೆಯ ಮೇಲೆ ಮಗುವನ್ನು ಮೇಲಕ್ಕೆ ಕಳಿಸಬಹುದು ಎಂದು ಆದೇಶದಲ್ಲಿ ಒಂದು ಸಾಲಿತ್ತು. ಮಗು ಮುಂದೆಯೂ ಹಿಂದುಳಿದರೆ ಆ ಟೀಚರೇ ವಿವರಣೆ ಕೊಡಬೇಕು. ಅತ್ತೆ ಪೆನ್ನಿನಲ್ಲಿ ಕಾಗದ ಹರಿಯುವಷ್ಟು ಒತ್ತಿ ಬರೆದರು: ಮೂರನೇ ತರಗತಿಗೆ ಕಳಿಸುತ್ತಿದ್ದೇನೆ.

“ವಿವರಣೆ ಬೇಕಾ ಅವರಿಗೆ? ಕೇಳ್ಲಿ, ಕೊಡ್ತೀನಿ!” ಎಂದು ಗುಬ್ಬಿಯ ಅಪ್ಪನ ಕಡೆ ತಿರುಗಿದರು. “ನೀನು ಇವಳನ್ನ ದಿನಾ ಗಂಟೆ ಹೊಡೆಯೋಕೆ ಮುಂಚೆ ನನ್ನ ಹತ್ರ ಕಳಿಸ್ಬೇಕು. ಸೋಮವಾರದಿಂದಾನೇ. ನೆಪ ಹೇಳಿದ್ರೆ ಅಂಗಡಿಗೇ ಬಂದು ಬೈತೀನಿ.”

“ಕಳಿಸ್ತೀನಿ ಮೇಡಂ,” ಎಂದು ಅವನು ತಲೆ ತುರಿಸಿಕೊಂಡ. ತಲೆಗೂ ಎಣ್ಣೆ ಹತ್ತಿತು.

ಅವರು ಹೋದ ಮೇಲೂ ಅತ್ತೆಯ ಸಿಟ್ಟು ಇಳಿಯಲಿಲ್ಲ. ಬೀಗ ಹಾಕುತ್ತ, “ಯಾವುದು ಕೆಲಸ ಮಾಡಲ್ಲ ಅಂತ ನೀನು ದೊಡ್ಡದಾಗಿ ಹೇಳ್ದೆ. ಈ ಗುಬ್ಬಿಗೆ ಓದು ಹೇಗೆ ಬರುತ್ತೆ ಅಂತ ನಿನ್ನ ಸಂಶೋಧಕರು ಏನಾದ್ರೂ ಬರೆದಿದಾರಾ?” ಎಂದರು.

“ಬೇಕಾದಷ್ಟಿದೆ ಅತ್ತೆ!”

“ಹಾಗಾದ್ರೆ ಬರೋ ಶನಿವಾರ ಅದನ್ನ ತಗೊಂಡು ಬಾ. ಬೆಳಗ್ಗೆ, ಗುಬ್ಬಿ ಬರೋ ಹೊತ್ತಿಗೆ. ಅವಳನ್ನ ಮುಂದೆ ಕೂರಿಸ್ಕೊಂಡು ನೀನೇ ಓದಿಸ್ಬೇಕು, ನಾನು ಹಿಂದೆ ಕೂತು ನೋಡ್ತೀನಿ.”